ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲನ್ನು ಉಳಿಸಿದ್ದು ತರಕಾರಿ

ನಮಸ್ಕಾರ. ಬಟ್ಟೆ ಅಂಗಡಿಗೆ ಹೋದರೆ ಬ್ಲೌಸ್ ಪೀಸ್ ಕೊಡಿ ಅಂತ ಕೇಳುತ್ತೇವೆ, ಅಲ್ವಾ? ಆ ‘ಪೀಸ್’ ಅನ್ನುವ ಪದವನ್ನೇ ಹೆಸರಾಗಿ ಇಟ್ಟುಕೊಂಡ ಒಂದು ಕಟ್ಟಡ ಇದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹ್ಯಾಲಿಫ್ಯಾಕ್ಸ್ ಊರಿನ ಪೀಸ್ ಹಾಲ್. ಅಲ್ಲಿ ಪೀಸ್ ಅಂದರೆ ಮಗ್ಗದಿಂದ ಇಳಿಸಿದ 30 ಗಜದ ಉಣ್ಣೆ ಬಟ್ಟೆ. ನಮ್ಮ ವ್ಯಾಪಾರಿಗಳು ಥಾನು ಅನ್ನುತ್ತಾರಲ್ಲ, ಅದೇ. ಇವತ್ತು ಆ ಕಟ್ಟಡದ ಬಗ್ಗೆ, ಅದರ ಅಕ್ಕಪಕ್ಕದ ಹಳೆ ಗಿರಣಿಗಳ ಬಗ್ಗೆ ಮಾತಾಡಬೇಕು. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತು ಇದು.

ಪೀಸ್ ಹಾಲನ್ನು ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಎತ್ತರದ ಮೊಂಡು ಕಲ್ಲುಗೋಡೆ ಅಷ್ಟೇ. ಒಳಗೆ ಇದ್ದದ್ದು ಬೆಲೆಬಾಳುವ ಬಟ್ಟೆ, ಕಳ್ಳರ ಭಯ ಇತ್ತು. ಬಾಗಿಲು ದಾಟಿ ಒಳಗೆ ಬನ್ನಿ. ನಮ್ಮ ತೊಟ್ಟಿ ಮನೆ ನೆನಪಾಗುತ್ತದೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಾಲ್ಕೂ ಸುತ್ತ ಕಂಬಸಾಲಿನ ಪಡಸಾಲೆ. ಆದರೆ ಒಂದು ಇಡೀ ಊರ ಸಂತೆ ಹಿಡಿಯುವಷ್ಟು ದೊಡ್ಡ ತೊಟ್ಟಿ ಅದು. ಜಾಗ ಇಳಿಜಾರು. ಅದಕ್ಕೇ ಮೇಲಿನ ಬದಿಯಲ್ಲಿ ಎರಡು ಅಂತಸ್ತು, ಕೆಳಗಿನ ಬದಿಯಲ್ಲಿ ಮೂರು. ಸೂರು ಮಾತ್ರ ಸುತ್ತಲೂ ಒಂದೇ ಮಟ್ಟ. ಮೇಲಿನ ಪಡಸಾಲೆಯಲ್ಲಿ ನಿಂತು ಕಂಬಗಳ ಸಾಲನ್ನು ಒಮ್ಮೆ ಕಣ್ಣಲ್ಲೇ ಸುತ್ತಿಬಂದರೆ, ಆ ಕಾಲದ ಮೇಸ್ತ್ರಿಗಳ ಕೈಗೆ ಮುಗಿಯಬೇಕು ಅನ್ನಿಸುತ್ತದೆ.

1779ರ ಜನವರಿ 1ರಂದು ಇದು ಶುರುವಾಯಿತು. ಒಳಗೆ 315 ಸಣ್ಣ ಕೋಣೆ. ಸುತ್ತಲಿನ ಗುಡ್ಡದ ಹಳ್ಳಿಗಳಿಂದ ನೇಕಾರರು ವಾರವಿಡೀ ನೇಯ್ದ ಬಟ್ಟೆಯನ್ನು ಹೊತ್ತು ತರುತ್ತಿದ್ದರು. ಶನಿವಾರ ಬೆಳಿಗ್ಗೆ 10ಕ್ಕೆ ಗಂಟೆ ಬಾರಿಸಿದರೆ ವ್ಯಾಪಾರ ಶುರು. 12ಕ್ಕೆ ಇನ್ನೊಂದು ಗಂಟೆ, ವ್ಯಾಪಾರ ಬಂದ್. ಎರಡೇ ತಾಸು. ಆ ಹೊತ್ತಿನ ಆಚೆ ಈಚೆ ಮಾರಿದರೆ ದಂಡ ಕಟ್ಟಬೇಕು. ಒಂದು ವಾರದ ದುಡಿಮೆ, ಎರಡು ತಾಸಿನ ಚೌಕಾಸಿ. ಯೋಚನೆ ಮಾಡಿ, ಆ ಎರಡು ತಾಸಿನಲ್ಲಿ ಬೆಲೆ ಕುದುರದಿದ್ದರೆ ಬಟ್ಟೆ ಹೊತ್ತುಕೊಂಡು ಮತ್ತೆ ಗುಡ್ಡ ಹತ್ತಬೇಕು.

ಇದು ನನಗೆ ಯಾಕೆ ಇಷ್ಟು ತಟ್ಟುತ್ತದೆ ಅಂದರೆ, ನಮ್ಮ ಅಜ್ಜ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದವರು. ಗುಂಡಿ ಮಗ್ಗ. ಬೆಳಕು ಬೀಳುವ ಜಾಗ ನೋಡಿಯೇ ಮಗ್ಗ ಹೂಡಿದ್ದರು. ಮುಂದೆ ನಾನು ಯಾರ್ಕ್‌ಶೈರ್‌ಗೆ ಕೆಲಸಕ್ಕೆ ಬಂದು ಬಾಡಿಗೆಗೆ ಹಿಡಿದ ಮನೆಯೂ ಒಬ್ಬ ಕೈಮಗ್ಗದ ನೇಕಾರನ ಹಳೆ ಮನೆ. ಮೇಲಿನ ಕೋಣೆಯಲ್ಲಿ ಒಂದೇ ಸಾಲಿಗೆ ಏಳು ಕಿಟಕಿ, ನಡುವೆ ತೆಳ್ಳನೆ ಕಲ್ಲಿನ ಕಂಬ. ಒಂದು ಸಣ್ಣ ಕೋಣೆಗೆ ಇಷ್ಟು ಕಿಟಕಿ ಯಾಕಪ್ಪಾ ಅಂತ ಮೊದಲು ಅಂದುಕೊಂಡಿದ್ದೆ. ಒಂದು ದಿನ ಸಂಜೆ ಆ ಕಿಟಕಿ ಪಕ್ಕ ಕೂತು ಅಂಗಿಗೆ ಗುಂಡಿ ಹಾಕುವಾಗ ತಟ್ಟನೆ ಹೊಳೆಯಿತು. ಹಾಸು ಹೊಕ್ಕಿನ ಒಂದೊಂದು ಎಳೆಯೂ ಕಾಣಬೇಕಲ್ಲ! ಅಜ್ಜನ ಮಗ್ಗಕ್ಕೆ ಬೇಕಾಗಿದ್ದ ಬೆಳಕೇ ಈ ಮನೆಗೂ ಬೇಕಾಗಿತ್ತು.

ಸರಿ, ಪೀಸ್ ಹಾಲಿಗೆ ಬರೋಣ. ಪಾಪ, ಅದು ಕಟ್ಟಿದ ಹೊತ್ತೇ ಕೆಟ್ಟದ್ದಾಗಿತ್ತು. ಅದನ್ನು ಕಟ್ಟಿದ್ದು ಕೈಮಗ್ಗದವರಿಗಾಗಿ. ಆದರೆ ಆಗಲೇ ನೂಲುವ ಯಂತ್ರ ಬರುತ್ತಿತ್ತು, ಹಿಂದೆಯೇ ನೇಯುವ ಯಂತ್ರವೂ ಬಂತು. ಗಿರಣಿಯ ಮಾಲೀಕ ತನ್ನ ಮಾಲನ್ನು ನೇರವಾಗಿ ಮಾರುತ್ತಾನೆ. ಅವನಿಗೆ ಸಂತೆ ಯಾಕೆ, ಗಂಟೆ ಯಾಕೆ? ಕೋಣೆಗಳು ಒಂದೊಂದಾಗಿ ಖಾಲಿಯಾದವು. 1871ರಲ್ಲಿ ಅದನ್ನು ಹಣ್ಣು ತರಕಾರಿ ಸಗಟು ಮಾರುಕಟ್ಟೆ ಮಾಡಿದರು. ಅಂಗಳದಲ್ಲಿ ಷೆಡ್ಡು ಎದ್ದಿತು, ಗಾಡಿಗಳು ಬಂದವು. ಹೀಗೆ ಸರಿಯಾಗಿ 100 ವರ್ಷ ನಡೆಯಿತು, 1971ರವರೆಗೆ.

ಈ ನೂರು ವರ್ಷವನ್ನು ಅವಮಾನ ಅಂತ ಹೇಳುವವರಿದ್ದಾರೆ. ಇಂಥ ಚೆಂದದ ಕಟ್ಟಡದಲ್ಲಿ ಆಲೂಗಡ್ಡೆ ಮೂಟೆ ಇಟ್ಟರಲ್ಲ ಅಂತ. ನಾನು ಪೂರ್ತಿ ಉಲ್ಟಾ ಹೇಳುತ್ತೇನೆ. ಪೀಸ್ ಹಾಲನ್ನು ಉಳಿಸಿದ್ದೇ ಆ ಆಲೂಗಡ್ಡೆ ಮೂಟೆ. ಪಕ್ಕದ ಊರುಗಳನ್ನು ನೋಡಿ. ಹಡರ್ಸ್‌ಫೀಲ್ಡ್‌ನಲ್ಲೂ ಒಂದು ಕ್ಲಾತ್ ಹಾಲ್ ಇತ್ತು, 1930ರಲ್ಲಿ ಕೆಡವಿದರು. ಲೀಡ್ಸ್‌ನ ದೊಡ್ಡ ಕ್ಲಾತ್ ಹಾಲ್ 1890ರ ಹೊತ್ತಿಗೇ ಹೋಯಿತು. ಹ್ಯಾಲಿಫ್ಯಾಕ್ಸ್‌ನದ್ದು ಮಾತ್ರ ಇಡಿಯಾಗಿ ನಿಂತಿದೆ. ಯಾಕೆಂದರೆ ಅಲ್ಲಿಗೆ ಬೆಳಗಾದರೆ ಯಾರೋ ಒಬ್ಬರು ಬಾಗಿಲು ತೆಗೆಯುತ್ತಿದ್ದರು. ಸೂರು ಸೋರಿದರೆ ಮಾಲು ಹಾಳಾಗುತ್ತಿತ್ತು, ಹಾಗಾಗಿ ಸೋರಿದ್ದನ್ನು ಯಾರೋ ನೋಡುತ್ತಿದ್ದರು. ಕಟ್ಟಡ ಬದುಕುವುದು ಹೀಗೆ.

ಈಗ ಕಾಗದದ ರಕ್ಷಣೆಯ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಹಳೆ ಕಟ್ಟಡಗಳನ್ನು ಲಿಸ್ಟ್ ಮಾಡುತ್ತಾರೆ, ಅಂದರೆ ಕಾಪಾಡಬೇಕಾದವು ಅಂತ ಸರ್ಕಾರಿ ಪಟ್ಟಿಗೆ ಸೇರಿಸುತ್ತಾರೆ. ಗ್ರೇಡ್ ಒನ್, ಗ್ರೇಡ್ ಟು ಸ್ಟಾರ್, ಗ್ರೇಡ್ ಟು ಅಂತ ಮೂರು ದರ್ಜೆ. ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಅದರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಗ್ರೇಡ್ ಟು. ಗ್ರೇಡ್ ಒನ್ ಸಿಗುವುದು ನೂರಕ್ಕೆ ಎರಡೂವರೆಯಷ್ಟಕ್ಕೆ ಮಾತ್ರ. ಪೀಸ್ ಹಾಲ್ ಗ್ರೇಡ್ ಒನ್. 1954ರಲ್ಲೇ ಲಿಸ್ಟ್ ಆಗಿತ್ತು. ಇಷ್ಟಾದರೂ, ತರಕಾರಿ ಮಾರುಕಟ್ಟೆ ಖಾಲಿಯಾದ ಕೂಡಲೇ ಕೆಡವುವ ಮಾತು ಎದ್ದಿತು! ಕೌನ್ಸಿಲ್‌ನಲ್ಲಿ, ಅಂದರೆ ನಮ್ಮ ನಗರಸಭೆಯಂಥದ್ದರಲ್ಲಿ, ಒಂದೇ ಒಂದು ವೋಟಿನಿಂದ ಉಳಿಯಿತು ಅಂತ ಊರವರು ಇವತ್ತಿಗೂ ಹೇಳುತ್ತಾರೆ. ಪಟ್ಟಿಯಲ್ಲಿ ಹೆಸರಿತ್ತು, ದರ್ಜೆಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಆದರೂ ಗಂಡಾಂತರ ಬಂದದ್ದು ಬಳಕೆ ನಿಂತ ದಿನ. ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

1976ರಲ್ಲಿ ಮತ್ತೆ ತೆರೆದರು. ಆಮೇಲೆ 2014ರಿಂದ ದೊಡ್ಡ ದುರಸ್ತಿ ನಡೆದು 2017ರ ಆಗಸ್ಟ್ 1ರಂದು ಬಾಗಿಲು ತೆಗೆಯಿತು. ಅದು ಯಾರ್ಕ್‌ಶೈರ್ ಡೇ. ಖರ್ಚು 1.9 ಕೋಟಿ ಪೌಂಡ್. ಈಗ ಆ ಸಣ್ಣ ಕೋಣೆಗಳಲ್ಲಿ ಅಂಗಡಿ, ಕಾಫಿ, ಊಟದ ಜಾಗ. ಬೇಸಿಗೆಯಲ್ಲಿ ಅಂಗಳದಲ್ಲಿ ಸಂಗೀತ ಕಛೇರಿ. ಕಳೆದ ಸಲ ಹೋದಾಗ, ನೇಕಾರ ಬಟ್ಟೆ ಹರಡಿದ್ದ ಕೋಣೆಯೊಂದರ ಹೊಸ್ತಿಲ ಮೇಲೆ ಒಂದು ಮಗು ಕೂತು ಐಸ್‌ಕ್ರೀಮ್ ತಿನ್ನುತ್ತಿತ್ತು. ಹೊಸ್ತಿಲ ಕಲ್ಲು ನಡುವೆ ತಗ್ಗಾಗಿದೆ, ನಮ್ಮ ಹಳೆ ದೇವಸ್ಥಾನದ ಮೆಟ್ಟಿಲಿನ ಹಾಗೆ. ಮಗು ಸರಿಯಾಗಿ ಆ ತಗ್ಗಿನಲ್ಲೇ ಕೂತಿತ್ತು.

ಕಾನೂನಿನಲ್ಲಿ ಒಂದು ದೊಡ್ಡ ತೂತು ಇದೆ. ಲಿಸ್ಟ್ ಆದ ಕಟ್ಟಡವನ್ನು ಅನುಮತಿ ಇಲ್ಲದೆ ಕೆಡವಿದರೆ, ಬದಲಾಯಿಸಿದರೆ ಅದು ಅಪರಾಧ. ಜೈಲು ಕೂಡ ಆಗಬಹುದು. ಆದರೆ ಸುಮ್ನೆ ಕೈಕಟ್ಟಿ ಕೂತರೆ? ಸೂರು ಸೋರಲು ಬಿಟ್ಟರೆ? ಅದು ಅಪರಾಧವಲ್ಲ. ರಿಪೇರಿ ಮಾಡಲೇಬೇಕು ಅಂತ ಮಾಲೀಕನ ಮೇಲೆ ನೇರ ಕಟ್ಟುಪಾಡಿಲ್ಲ. ಕೌನ್ಸಿಲ್ ನೋಟಿಸ್ ಕೊಡಬಹುದು, ತಾನೇ ತುರ್ತು ಕೆಲಸ ಮಾಡಿಸಿ ಖರ್ಚು ವಸೂಲಿಯೂ ಮಾಡಬಹುದು. ಆದರೆ ಮೊದಲು ಹಣ ಹಾಕಬೇಕಾದದ್ದು ಕೌನ್ಸಿಲ್. ಬೊಕ್ಕಸ ಖಾಲಿ ಇರುವ ಕೌನ್ಸಿಲ್ ಯಾವ ಧೈರ್ಯದ ಮೇಲೆ ಕೈ ಹಾಕುತ್ತದೆ?

ಗಿರಣಿ ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಯಾರೋ ಸೂರಿನ ಸೀಸದ ತಗಡು ಕದಿಯುತ್ತಾರೆ. ಹರನಾಳಿಗೆಯಲ್ಲಿ ಎಲೆ ತುಂಬುತ್ತದೆ, ಅದರ ಮೇಲೆ ಗಿಡ ಹುಟ್ಟುತ್ತದೆ. ನೀರು ಗೋಡೆಯೊಳಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯಲ್ಲಿ ಕೂತಿರುವ ಜಾಗವೇ ಮೊದಲು ಲಡ್ಡಾಗುವುದು. ನೆಲ ಕುಸಿಯುತ್ತದೆ. ಆಮೇಲೆ ಬೆಂಕಿ. ಹಳೆ ಗಿರಣಿಯ ಮರದ ನೆಲ ದಶಕಗಟ್ಟಲೆ ಯಂತ್ರದ ಎಣ್ಣೆ ಕುಡಿದಿರುತ್ತದೆ. ಒಂದು ಕಿಡಿ ಸಾಕು. ಬ್ರಾಡ್‌ಫರ್ಡ್‌ನ ಡ್ರಮಂಡ್ ಮಿಲ್ 2016ರ ಜನವರಿಯಲ್ಲಿ ಉರಿದುಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ಹಡರ್ಸ್‌ಫೀಲ್ಡ್‌ನ ನ್ಯೂಸಮ್ ಮಿಲ್. 2022ರ ಮಾರ್ಚ್‌ನಲ್ಲಿ ಕೀತ್ಲಿ ಊರಿನ ಡಾಲ್ಟನ್ ಮಿಲ್ಸ್. ಮೂರೂ ಪಟ್ಟಿಯಲ್ಲಿದ್ದವೇ. ಪಟ್ಟಿ ಬೆಂಕಿ ಆರಿಸಲಿಲ್ಲ.

ಇನ್ನೊಂದು ವಿಷಯ ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ಆ ಕಾಮಗಾರಿಗೆ ವ್ಯಾಟ್ ಸೊನ್ನೆ. ಇರುವ ಹಳೆ ಕಟ್ಟಡವನ್ನು ರಿಪೇರಿ ಮಾಡಿದರೆ 20%. ಲಿಸ್ಟೆಡ್ ಮನೆಗೆ ಅನುಮತಿ ಪಡೆದು ಮಾಡುವ ಬದಲಾವಣೆಗೆ ಮೊದಲು ವಿನಾಯಿತಿ ಇತ್ತು, 2012ರ ಅಕ್ಟೋಬರ್‌ನಲ್ಲಿ ಅದನ್ನೂ ತೆಗೆದರು. ಅಂದರೆ ಒಂದು ಕೈಯಲ್ಲಿ ಇದು ದೇಶದ ಆಸ್ತಿ, ಜೋಪಾನ ಅಂತ ಆದೇಶ. ಇನ್ನೊಂದು ಕೈಯಲ್ಲಿ, ಜೋಪಾನ ಮಾಡಿದ್ದಕ್ಕೆ ತೆರಿಗೆ. ಇದು ತಪ್ಪು. ಲಿಸ್ಟೆಡ್ ಕಟ್ಟಡದ ರಿಪೇರಿಗೆ ವ್ಯಾಟ್ ಇರಬಾರದು. ಬೇರೆ ಯಾವ ಯೋಜನೆಗಿಂತಲೂ ಇದೊಂದು ಬದಲಾವಣೆ ಜಾಸ್ತಿ ಗಿರಣಿಗಳನ್ನು ಉಳಿಸುತ್ತದೆ ಅಂತ ನನ್ನ ನಂಬಿಕೆ.

ಬಳಕೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಹ್ಯಾಲಿಫ್ಯಾಕ್ಸ್‌ನಲ್ಲೇ ಡೀನ್ ಕ್ಲಫ್ ಇದೆ. ಕ್ರಾಸ್ಲಿ ಮನೆತನದವರ ಕಾರ್ಪೆಟ್ ಕಾರ್ಖಾನೆ. 1841ರಿಂದ 1869ರವರೆಗೆ ಕಟ್ಟುತ್ತಲೇ ಹೋದರು. ಕಣಿವೆಯ ಉದ್ದಕ್ಕೂ ಅರ್ಧ ಮೈಲಿ ಗಿರಣಿ. ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಕಾರ್ಪೆಟ್ ಕಾರ್ಖಾನೆ. 1980ರ ದಶಕದ ಆರಂಭದಲ್ಲಿ ಯಂತ್ರ ನಿಂತಿತು. ಊರಿಗೆ ಅದು ಎಂಥ ಪೆಟ್ಟು ಅನ್ನುವುದು ಹುಬ್ಬಳ್ಳಿಯ ಗಿರಣಿ ಚಾಳದವರಿಗೆ ಹೇಳಬೇಕಾಗಿಲ್ಲ. 1983ರಲ್ಲಿ ಅರ್ನೆಸ್ಟ್ ಹಾಲ್ ಅನ್ನುವ ಉದ್ಯಮಿ ಅದನ್ನು ಕೊಂಡರು. ಒಳ್ಳೆಯ ಪಿಯಾನೊ ವಾದಕರೂ ಆಗಿದ್ದರು. ಅವರು ಎಲ್ಲವನ್ನೂ ಒಮ್ಮೆಲೇ ಥಳಥಳ ಮಾಡಲು ಹೋಗಲಿಲ್ಲ. ಸಣ್ಣ ಸಣ್ಣ ಕಂಪನಿಗಳಿಗೆ, ಕಲಾವಿದರಿಗೆ ಜಾಗ ಬಾಡಿಗೆಗೆ ಕೊಡುತ್ತಾ ಹೋದರು. ನಾಟಕ ತಂಡ ಬಂತು, ಗ್ಯಾಲರಿ ಬಂತು. ಇವತ್ತು ಅಲ್ಲಿ ಸಾವಿರಾರು ಜನ ಕೆಲಸ ಮಾಡುತ್ತಾರೆ.

ಪೀಸ್ ಹಾಲಿನ ಪಕ್ಕದಲ್ಲೇ ಇರುವ ಸ್ಕ್ವೇರ್ ಚಾಪೆಲ್‌ನದ್ದು ಇನ್ನೊಂದು ಕಥೆ. 1772ರ ಕೆಂಪು ಇಟ್ಟಿಗೆಯ ಕಟ್ಟಡ, ಪಾಳು ಬಿದ್ದಿತ್ತು. 1988ರಲ್ಲಿ ಆರು ಜನ ಸೇರಿ 25 ಪೌಂಡಿಗೆ ಕೊಂಡು ರಂಗಮಂದಿರ ಮಾಡಿದರು. ಅದರ ಮಗ್ಗುಲಲ್ಲಿ ಒಂದು ಚರ್ಚ್ ಇತ್ತು, 1971ರಲ್ಲಿ ಸುಟ್ಟುಹೋಯಿತು, ಗೋಪುರ ಒಂದೇ ಉಳಿಯಿತು. ಈಗ ಆ ಒಂಟಿ ಗೋಪುರವನ್ನು ತೋಳಲ್ಲಿ ತಬ್ಬಿಕೊಂಡ ಹಾಗೆ ಹೊಸ ಗ್ರಂಥಾಲಯ ಕಟ್ಟಿದ್ದಾರೆ. ಹೊಸದು ಹಳೆಯದರಂತೆ ವೇಷ ಹಾಕಿಲ್ಲ, ಹಳೆಯದನ್ನು ಮುಚ್ಚಿಯೂ ಇಲ್ಲ. ನನಗೆ ಹ್ಯಾಲಿಫ್ಯಾಕ್ಸ್‌ನಲ್ಲಿ ಬಹಳ ಇಷ್ಟವಾದ ಜಾಗ ಅದು.

ಹಾಗಂತ ಏನನ್ನೂ ಮುಟ್ಟಲೇಬಾರದು ಅನ್ನುವವರ ಪಕ್ಷವೂ ನನ್ನದಲ್ಲ. ನಾನಿದ್ದ ಆ ಏಳು ಕಿಟಕಿಯ ಕೋಣೆಯಲ್ಲಿ ಚಳಿಗಾಲದಲ್ಲಿ ಮೂಗಿನ ತುದಿ ತಣ್ಣಗಾಗುತ್ತಿತ್ತು. ಒಂಟಿ ಗಾಜು. ಡಬಲ್ ಗಾಜು ಹಾಕಿಸಲು ಅನುಮತಿ ಬೇಕು, ಅರ್ಜಿ ಹಾಕಿದ ಮನೆ ಮಾಲೀಕರು ತಿಂಗಳುಗಟ್ಟಲೆ ಕಾದು ಕೊನೆಗೆ ಕೈಬಿಟ್ಟರು. ಮನೆಯಲ್ಲಿ ಬೆಚ್ಚಗೆ ಇರಲಾಗದಿದ್ದರೆ ಜನ ಬಿಟ್ಟುಹೋಗುತ್ತಾರೆ. ಜನ ಬಿಟ್ಟ ಮನೆಯನ್ನು ಯಾವ ಕಾನೂನೂ ಕಾಯುವುದಿಲ್ಲ. ಕಲ್ಲಿನ ಕಂಬ ಇರಲಿ, ಕಿಟಕಿಯ ಸಾಲು ಇರಲಿ, ಒಳಗಿನ ಗಾಜು ಬೆಚ್ಚಗಿನದಾಗಲಿ. ಅಷ್ಟು ಸಡಿಲ ಇರಬೇಕು.

ಈ ಗಿರಣಿಗಳು ಬರೀ ಇಂಗ್ಲಿಷರ ನೆನಪಲ್ಲ. 1950, 60ರ ದಶಕದಲ್ಲಿ ರಾತ್ರಿ ಪಾಳಿಯಲ್ಲಿ ಇಲ್ಲಿ ಯಂತ್ರ ನಡೆಸಿದವರಲ್ಲಿ ನಮ್ಮ ಉಪಖಂಡದವರು ಬಹಳ ಜನ. ಮುಖ್ಯವಾಗಿ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದವರು. ಅಲ್ಲಿನ ಮಂಗ್ಲಾ ಅಣೆಕಟ್ಟಿನಲ್ಲಿ ಹಳ್ಳಿ ಮುಳುಗಿ ಬಂದವರೂ ಅದರಲ್ಲಿದ್ದರು. ಅವರ ಊರು ನೀರಿನಲ್ಲಿದೆ. ಅವರು ದುಡಿದ ಗಿರಣಿಯೂ ಬೂದಿಯಾದರೆ, ನಮ್ಮ ಅಜ್ಜ ಎಲ್ಲಿ ನಿಂತು ಕೆಲಸ ಮಾಡಿದ ಅಂತ ಕೇಳುವ ಮೊಮ್ಮಗಳಿಗೆ ತೋರಿಸಲು ಏನು ಉಳಿಯುತ್ತದೆ? ಗುಳೇದಗುಡ್ಡದಲ್ಲಿ ನಮ್ಮ ಅಜ್ಜನ ಮಗ್ಗದ ಗುಂಡಿಯನ್ನು ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಎಲ್ಲಿತ್ತು ಅಂತ ನಾನು ಬೆರಳಿಟ್ಟು ತೋರಿಸಲಾರೆ.

ಬ್ರಾಡ್‌ಫರ್ಡ್, ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡದವರು ಇದನ್ನು ಕೇಳುತ್ತಿದ್ದರೆ ಒಂದು ಕೆಲಸ ಮಾಡಿ. ನೀವು ದಿನಾ ಹಾದುಹೋಗುವ ದಾರಿಯಲ್ಲಿ ಒಂದು ಖಾಲಿ ಗಿರಣಿ ಇದ್ದೇ ಇರುತ್ತದೆ. ತಲೆಯೆತ್ತಿ ಹರನಾಳಿಗೆ ನೋಡಿ. ಗಿಡ ಹುಟ್ಟಿದ್ದರೆ ಫೋಟೊ ತೆಗೆದು ನಿಮ್ಮ ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್‌ಗೆ ಕಳಿಸಿ. ಪಟ್ಟಿಯಲ್ಲಿ ಇಲ್ಲದ ಕಟ್ಟಡವಾದರೆ, ಸೇರಿಸಿ ಅಂತ, ಪಟ್ಟಿ ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ನಿಮ್ಮ ಎಂಪಿಗೆ ವ್ಯಾಟ್ ಬಗ್ಗೆ ನಾಲ್ಕು ಸಾಲು ಬರೆಯಿರಿ. ಶನಿವಾರ ಬಿಡುವಾದರೆ ಹ್ಯಾಲಿಫ್ಯಾಕ್ಸ್‌ಗೆ ಬನ್ನಿ. ಸ್ಟೇಷನ್ನಿನಿಂದ ಪೀಸ್ ಹಾಲಿಗೆ ಐದೇ ನಿಮಿಷದ ನಡಿಗೆ. 10 ಗಂಟೆಗೆ ಮೇಲಿನ ಪಡಸಾಲೆಯಲ್ಲಿ ಸಿಗುತ್ತೇನೆ.