ಬಾಯಿಗೆ ಬಾರದ ಹೆಸರು

ಕೇಳುಗರಿಗೆ ನಮಸ್ಕಾರ.

ನಮ್ಮ ಅಜ್ಜಿ ಒಮ್ಮೆ ರೇಷನ್ ಕಾರ್ಡಿನ ಕೆಲಸಕ್ಕೆಂದು ಉಡುಪಿಗೆ ಬಂದಿದ್ದರು. ಗುಮಾಸ್ತರು ಗಂಡನ ಹೆಸರು ಕೇಳಿದರು. ಅಜ್ಜಿ ಸೆರಗನ್ನು ಬಾಯಿಗೆ ಹಿಡಿದು ನನ್ನ ಮುಖ ನೋಡಿದರು. "ನೀನೇ ಹೇಳು ಮಗಾ." ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು, ಆದರೂ ಹೆಸರು ಬಾಯಿಗೆ ಬರಲಿಲ್ಲ.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರನ್ನು ಓದುವಾಗ ನನಗೆ ನೆನಪಾದದ್ದು ಆ ಸೆರಗು. ಅವರ ಕಾದಂಬರಿ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಬಂದದ್ದು 1968ರಲ್ಲಿ. ಕಡಲು ಮತ್ತು ದ್ವೀಪಗಳ ಲೋಕ ಅದು. ಅಲ್ಲಿಯ ಜನ ಊರಿಗೆಲ್ಲ ಒಂದು ಹೆಸರು ಹೇಳುತ್ತಾರೆ, ನಿಜವಾದದ್ದನ್ನು ತೀರಾ ನಂಬಿದವರಿಗೆ ಮಾತ್ರ. ಹೆಸರು ಗೊತ್ತಾದರೆ ಜುಟ್ಟು ಕೈಗೆ ಸಿಕ್ಕಿದ ಹಾಗೆ, ಅಲ್ವಾ?

ಲೆ ಗ್ವಿನ್ ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. 11ನೇ ವಯಸ್ಸಿಗೇ ಪತ್ರಿಕೆಗೆ ಕಥೆ ಕಳಿಸಿದ್ದರು. ವಾಪಸ್ ಬಂತು. ತಂದೆ ಆಲ್ಫ್ರೆಡ್ ಕ್ರೋಬರ್ ಬುಡಕಟ್ಟುಗಳನ್ನು ಅಧ್ಯಯನ ಮಾಡಿದವರು. 1911ರಲ್ಲಿ ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯ ಹಸಿದು ಬೆಟ್ಟಗಾಡಿನಿಂದ ಹೊರಗೆ ಬಂದ. ತನ್ನ ಹೆಸರನ್ನು ತಾನೇ ಹೇಳುವ ರೂಢಿ ಅವರಲ್ಲಿಲ್ಲ. ಹೇಳಲು ಅವನ ಕಡೆಯವರು ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು. ಅವನ ಮಾತಿನಲ್ಲಿ ಹಾಗೆಂದರೆ ಮನುಷ್ಯ, ಅಷ್ಟೆ. 1916ರಲ್ಲಿ ತೀರಿಕೊಂಡ, ಹೆಸರೂ ಜೊತೆಗೇ ಹೋಯಿತು. ಇದೆಲ್ಲ ಲೆ ಗ್ವಿನ್ ಹುಟ್ಟುವ ಮೊದಲಿನದು. ಆದರೆ 1961ರಲ್ಲಿ ತಾಯಿ ಥಿಯೊಡೊರಾ ಅವನ ಬಗ್ಗೆ ಪುಸ್ತಕವನ್ನೇ ಬರೆದರು. ಮಗಳ ಕಾದಂಬರಿ ಅಲ್ಲಿಂದಲೇ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಎರಡು ಪುಸ್ತಕಗಳಿಗೂ ಏಳೇ ವರ್ಷದ ಅಂತರ, ನೋಡಿ.

ಆ ಕಾದಂಬರಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಒಂದು ಮಳೆ. ಈಗ ಇಲ್ಲಿ ತುಳುವರ ಆಟಿ ತಿಂಗಳ ಮಳೆ, ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ, ಮಲ್ಪೆ ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿವೆ. ಕಥೆಯ ಹುಡುಗ ಗೆಡ್ ವಿದ್ಯೆ ಕಲಿಯಲು ಗುರು ಓಗಿಯನ್ ಹಿಂದೆ ಕಾಡಿನಲ್ಲಿ ನಡೆಯುತ್ತಾನೆ. ಮಳೆ ಹಿಡಿಯುತ್ತದೆ. ಮಳೆಯನ್ನು ಆಚೆ ಕಳಿಸುವ ಮಂತ್ರ ಸಣ್ಣಪುಟ್ಟ ಮಾಂತ್ರಿಕರಿಗೂ ಗೊತ್ತು. ಗುರು ಮಾತ್ರ ತುಟಿ ಬಿಚ್ಚುವುದಿಲ್ಲ. ದಟ್ಟ ಮರ ಹುಡುಕಿ ಬುಡದಲ್ಲಿ ಸುಮ್ನೆ ಮಲಗುತ್ತಾರೆ. ಹುಡುಗ ಪೊದೆಯಲ್ಲಿ ತೊಯ್ದು, ಮುಖ ಊದಿಸಿಕೊಂಡು ಕೂರುತ್ತಾನೆ. ಇಷ್ಟೆಲ್ಲ ಗೊತ್ತಿದ್ದೂ ಹೇಳದಿದ್ದರೆ ಏನು ಬಂತು!

ಆ ದಿನ ಕಚೇರಿಯಲ್ಲಿ ನನಗೂ ಹಾಗೇ ಅನಿಸಿತ್ತು. ಅಜ್ಜನ ಹೆಸರು ನಾನೇ ಹೇಳಿದೆ. ಅರ್ಜಿ ಕೈಗೆ ಬಂದಾಗ ಅಜ್ಜಿ ಕನ್ನಡಕ ಏರಿಸಿ ನೋಡಿದರು. ಹೆಸರಿನ ಮೇಲೆ ಬೆರಳಿಟ್ಟರು.

"ಇಲ್ಲಿ ಒತ್ತಕ್ಷರ ಬಿಟ್ಟಿದ್ದಾರೆ."