ಸರಾಸರಿ ಸರಿಯಿದ್ದರೂ ಮಾಲು ಏಕೆ ಕಡಿಮೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಲೋಡು ಹೇಳಿದ ದಿನಕ್ಕೆ ಹೊರಡದಿದ್ದರೆ ಮೊದಲು ಮಾತು ಕೇಳಬೇಕಾದವರು ಕೊನೆಯ ಹಂತಗಳಲ್ಲಿ ಕೂತವರು: ತಿರುಳಿನ ಮೇಲಿನ ತೆಳು ಸಿಪ್ಪೆ ತೆಗೆಯುವವರು, ಗ್ರೇಡಿಂಗಿನವರು, ಪ್ಯಾಕಿಂಗಿನವರು. ಅವರ ಕೈ ನಿಧಾನ ಎಂಬ ದೂರು. ಬಹಳ ಸಲ ಈ ದೂರಿನಲ್ಲಿ ಹುರುಳಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

ಎರಡೇ ಹಂತ ಇದೆ ಎಂದುಕೊಳ್ಳಿ, ಬೀಜ ಬೇಯಿಸುವುದು ಮತ್ತು ಕಟ್ಟಿಂಗ್, ಅಂದರೆ ಗಟ್ಟಿ ಚಿಪ್ಪನ್ನು ಕತ್ತರಿಸಿ ತಿರುಳು ತೆಗೆಯುವುದು. ಎರಡೂ ಕಡೆ ಕೆಲವು ದಿನ 60 ಚೀಲದ ಕೆಲಸ ಆಗುತ್ತದೆ, ಕೆಲವು ದಿನ 40. 60ರ ದಿನಗಳೂ 40ರ ದಿನಗಳೂ ಸಮಸಮ, ಹಾಗಾಗಿ ಸರಾಸರಿ 50. ಒಂದು ಕಡೆಯ ಒಳ್ಳೆಯ ದಿನಕ್ಕೂ ಇನ್ನೊಂದು ಕಡೆಯ ಒಳ್ಳೆಯ ದಿನಕ್ಕೂ ಸಂಬಂಧವಿಲ್ಲ. ನಡುವೆ ದಾಸ್ತಾನು ಇಡುವ ಜಾಗವೂ ಇಲ್ಲ. ಹಾಗಾದರೆ ದಿನಕ್ಕೆ 50 ಚೀಲ ಹೊರಬರಬೇಕಲ್ಲವೇ? ಬರುವುದು 45. ಎರಡೂ ಕಡೆ ಒಟ್ಟಿಗೆ 60 ಆಗುವುದು ನಾಲ್ಕು ದಿನಕ್ಕೊಮ್ಮೆ ಮಾತ್ರ. ಉಳಿದ ಮೂರು ದಿನ ಎಲ್ಲೋ ಒಂದು ಕಡೆ 40ಕ್ಕೆ ನಿಂತಿರುತ್ತದೆ. ಹಂತ ಮೂರಾದರೆ 42.5. ಐದಾದರೆ 40.6. ಯಾರೂ ಸೋಮಾರಿಯಾಗಲಿಲ್ಲ, ಯಾವ ಯಂತ್ರವೂ ಕೆಡಲಿಲ್ಲ. ಆದರೂ ದಿನಕ್ಕೆ ಹತ್ತಿರ ಹತ್ತಿರ ಹತ್ತು ಚೀಲ ನಷ್ಟವಾಯಿತು.

ನಡುವೆ ಮಾಲು ಕೂಡಿಡಬಹುದಲ್ಲ ಎಂದು ನೀವು ಕೇಳಬಹುದು. ಕೂಡಿಟ್ಟರೆ ನಷ್ಟ ಕಡಿಮೆಯಾಗುತ್ತದೆ, ನಿಜ. ಇವತ್ತು ಬೇಯಿಸಿದ್ದು 60, ಕಟ್ಟಿಂಗ್ ಆದದ್ದು 40 ಎಂದಾದರೆ ಉಳಿದ 20 ನಾಳೆಗೆ ಸಿಗುತ್ತದೆ. ಆದರೆ ಇವತ್ತು ಬೇಯಿಸಿದ್ದೇ 40 ಆಗಿ, ಹಳೆಯ ದಾಸ್ತಾನೂ ಇಲ್ಲದಿದ್ದರೆ, ಕಟ್ಟಿಂಗಿನವರ ಕೈಯಲ್ಲಿ 60ರ ಶಕ್ತಿ ಇದ್ದೂ ಅದು ವ್ಯರ್ಥ. ಆ 20 ಚೀಲದ ದುಡಿಮೆಯನ್ನು ನಾಳೆಗೆ ಎತ್ತಿಡಲಾಗುವುದಿಲ್ಲ.

ದಾಸ್ತಾನಿಗೆ ಅದರದೇ ಬೆಲೆ ಇದೆ, ನಮ್ಮ ಕರಾವಳಿಯಲ್ಲಂತೂ ಹೆಚ್ಚು. ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಒಣಗೂಡಿನಲ್ಲಿ, ಒಣಗಿದ ತಿರುಳು ಗರಿಗರಿಯಾಗಿದ್ದಾಗಲೇ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಆಷಾಢದ ಮಳೆಯಲ್ಲಿ ಅದು ತೆರೆದೇ ಕಾಯುತ್ತ ಕೂತರೆ ಗಾಳಿಯ ತೇವ ಹೀರಿಕೊಂಡು ಸಿಪ್ಪೆ ಅಂಟುತ್ತದೆ. ಒತ್ತಿ ತೆಗೆಯಹೋದರೆ ತಿರುಳು ಒಡೆಯುತ್ತದೆ, ಇಡೀ ಬೀಜದ ಬೆಲೆ ಒಡೆದ ಚೂರುಗಳಿಗೆ ಸಿಗುವುದಿಲ್ಲ.

ಮಾಲು ಎಷ್ಟು ಹೊತ್ತು ಹೀಗೆ ಕಾಯುತ್ತದೆ ಎಂಬುದಕ್ಕೆ 1961ರಲ್ಲಿ ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್ ಕೊಟ್ಟ ಸೂತ್ರವೊಂದಿದೆ. ಒಂದು ಹಂತವನ್ನು ಶೇಕಡಾ 80ರಷ್ಟು ಹೊತ್ತು ದುಡಿಸಿದಾಗ ಮಾಲು ಕಾಯುವ ಸಮಯ 4 ಪಾಲು ಎಂದಿಟ್ಟರೆ, 90ಕ್ಕೆ ಏರಿಸಿದಾಗ 9 ಪಾಲು, 95ಕ್ಕೆ 19 ಪಾಲು. ಇದೆಲ್ಲವೂ ಏರುಪೇರು ಎಷ್ಟಿದೆ ಎಂಬುದರಿಂದ ಗುಣಿಸಲ್ಪಡುತ್ತದೆ. ಅಂದರೆ ಎಲ್ಲರನ್ನೂ ಒಂದು ನಿಮಿಷವೂ ಬಿಡುವಿಲ್ಲದೆ ದುಡಿಸುತ್ತೇನೆ ಎಂದು ಹೊರಟ ಮೇಸ್ತ್ರಿ ಮಾಲನ್ನು ರಾಶಿಹಾಕಿಸುತ್ತಾನೆ. ಸ್ವಲ್ಪ ಬಿಡುವು ಇರಲೇಬೇಕು.

ಇನ್ನೊಂದು ದಾರಿ ಏರುಪೇರನ್ನೇ ತಗ್ಗಿಸುವುದು, ಅದೂ ಮೊದಲ ಹಂತದಲ್ಲೇ. ಬೇಯಿಸುವ ಮೊದಲು ಬೀಜವನ್ನು ಗಾತ್ರದ ಪ್ರಕಾರ ಜರಡಿಯಲ್ಲಿ ಬೇರ್ಪಡಿಸುವ ಕ್ರಮ ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಕಾರ್ಖಾನೆಯಲ್ಲಿ ಅತಿ ಬೆಲೆಬಾಳುವ ಕೆಲಸ ಅದು. ಊರಿನ ಬೀಜ, ಆಫ್ರಿಕಾದಿಂದ ಬಂದ ಬೀಜ, ದೊಡ್ಡದು, ಸಣ್ಣದು ಎಲ್ಲವೂ ಒಂದೇ ಹಂಡೆಗೆ ಬಿದ್ದರೆ ಕೆಲವು ಹೆಚ್ಚು ಬೇಯುತ್ತವೆ, ಕೆಲವು ಬೇಯುವುದೇ ಇಲ್ಲ. ಆ ವ್ಯತ್ಯಾಸ ಕಟ್ಟಿಂಗಿಗೆ, ಅಲ್ಲಿಂದ ಒಣಗಿಸುವಲ್ಲಿಗೆ, ಅಲ್ಲಿಂದ ಸಿಪ್ಪೆ ತೆಗೆಯುವವರ ಬೆರಳಿಗೆ ಬರುತ್ತದೆ.

ಸಿಪ್ಪೆ ತೆಗೆಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಮಾಲು ಬಾರದ ಗಂಟೆಗೆ ಸಂಬಳವೂ ಇಲ್ಲ. ಹಿಂದಿನ ಹಂತದ ಏರುಪೇರನ್ನು ತಮ್ಮ ಕೈಯಿಂದ ತುಂಬುವವರು ಇವರೇ. ಕಾರ್ಖಾನೆ ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಯಾರು ಎಷ್ಟು ಕಿಲೋ ಮಾಡಿದರು ಎಂದು ಬರೆಯುವ ಪುಸ್ತಕದಲ್ಲೇ ಮಾಲಿಲ್ಲದೆ ಎಷ್ಟು ಹೊತ್ತು ಕಾದರು ಎಂಬುದನ್ನೂ ಬರೆಯಿರಿ. ಆ ಹೊತ್ತಿನ ಕೂಲಿಯನ್ನೂ ಕೊಡಿ.

ನಮಸ್ಕಾರ.