ಕೊಳೆತ ಹುಲ್ಲಿನೊಳಗಿನ ಕಿಣ್ವಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗೆ ನೆನೆದು ಮೂಲೆಯಲ್ಲಿ ಉಳಿದುಹೋದ ಹುಲ್ಲಿನ ಮೆದೆಯನ್ನು ಕೆದಕಿದರೆ, ಒಳಗೆ ಬಿಳಿ, ಹಸಿರು, ಕಪ್ಪು ಬಣ್ಣದ ಬೂಷ್ಟು ಹಬ್ಬಿರುವುದು ಕಾಣುತ್ತದೆ. ಬೂಷ್ಟು ಎಂದು ನಾವು ಕರೆಯುವ ಈ ಶಿಲೀಂಧ್ರಗಳಿಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅವು ತಮ್ಮ ಎಳೆಗಳಿಂದ ಕಿಣ್ವಗಳನ್ನು, ಅಂದರೆ ಆಹಾರವನ್ನು ಒಡೆದು ಕರಗಿಸುವ ಪ್ರೋಟೀನುಗಳನ್ನು, ಹೊರಕ್ಕೆ ಸ್ರವಿಸಿ, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತವೆ. ಕಿಣ್ವವು ಜೀವಕೋಶದ ಹೊರಗೇ ಸಿಗುವುದರಿಂದ ಅದನ್ನು ನೀರಿನಲ್ಲಿ ತೊಳೆದು, ಸೋಸಿ ಪಡೆಯಬಹುದು.

ಇದು ಹೊಸ ವಿದ್ಯೆಯೇನೂ ಅಲ್ಲ. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಅವರು ಗೋಧಿ ಬೂಸಾದ ಮೇಲೆ ಶಿಲೀಂಧ್ರವನ್ನು ಬೆಳೆಸಿ, ಪಿಷ್ಟವನ್ನು ಕರಗಿಸುವ ಕಿಣ್ವವನ್ನು ತೆಗೆಯುವ ವಿಧಾನಕ್ಕೆ 1894ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಸೈನಿಕರ ಹತ್ತಿಬಟ್ಟೆಯ ಡೇರೆಗಳು ಕೊಳೆತುಹೋಗುತ್ತಿದ್ದವು. ಅಲ್ಲಿಂದ ಬೇರ್ಪಡಿಸಿದ ಒಂದು ಶಿಲೀಂಧ್ರವೇ ಇಂದು ಟ್ರೈಕೋಡರ್ಮ ರೀಸೈ ಎಂಬ ಹೆಸರಿನಲ್ಲಿ ಹತ್ತಿ, ಹುಲ್ಲುಗಳ ನಾರಿನ ಮುಖ್ಯ ಭಾಗವಾದ ಸೆಲ್ಯುಲೋಸನ್ನು ಕರಗಿಸುವ ಸೆಲ್ಯುಲೇಸ್ ಎಂಬ ಕಿಣ್ವದ ಉದ್ಯಮಕ್ಕೆ ಮೂಲವಾಗಿದೆ. ಕೊಳೆಯುವ ವಸ್ತು ಎಲ್ಲಿದೆಯೋ ಅದನ್ನು ಕೊಳೆಸಬಲ್ಲ ಜೀವಿಯೂ ಅಲ್ಲೇ ಇರುತ್ತದೆ. ಸ್ಥಳೀಯ ಶಿಲೀಂಧ್ರಗಳ ಮೇಲೆ ನನಗಿರುವ ನಂಬಿಕೆಗೆ ಇದೇ ಆಧಾರ. ಆಯಾ ಪ್ರದೇಶದ ಬಿಸಿಲಿಗೆ, ತೇವಕ್ಕೆ, ಅಲ್ಲಿನ ಬೆಳೆಯ ಕಸಕ್ಕೆ ಅವು ಮೊದಲೇ ಒಗ್ಗಿಕೊಂಡಿರುತ್ತವೆ.

ಅವುಗಳನ್ನು ಆರಿಸಲು, ಸೆಲ್ಯುಲೋಸ್ ಬೆರೆಸಿದ ಅಗರ್ ಎಂಬ ಲೋಳೆಯಂಥ ಮಾಧ್ಯಮದ ತಟ್ಟೆಯಲ್ಲಿ ಬೆಳೆಸಿ, ಕಾಂಗೋ ರೆಡ್ ಎಂಬ ಬಣ್ಣವನ್ನು ಸುರಿದು ತೊಳೆಯುತ್ತಾರೆ. ಸೆಲ್ಯುಲೋಸ್ ಕರಗಿದ ಕಡೆ ಬಣ್ಣ ಹಿಡಿಯದೆ ತಿಳಿಯಾದ ವಲಯ ಮೂಡುತ್ತದೆ. ವಲಯ ದೊಡ್ಡದಾದ ಮಾತ್ರಕ್ಕೆ ಆ ಶಿಲೀಂಧ್ರವೇ ಶ್ರೇಷ್ಠವೆಂದು ತೀರ್ಮಾನಿಸುವುದು ಸರಿಯಲ್ಲ. ತಟ್ಟೆಗೆ ಸಾಮಾನ್ಯವಾಗಿ ಬಳಸುವುದು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ಸೆಲ್ಯುಲೋಸ್, ಆದರೆ ನಿಜವಾದ ಹುಲ್ಲಿನಲ್ಲಿ ಸೆಲ್ಯುಲೋಸಿನ ಸುತ್ತ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಬೇರೆ ಸಸ್ಯವಸ್ತುಗಳ ಬಿಗಿಯಾದ ಹೆಣಿಗೆಯಿರುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆಯನ್ನು ಹುಲ್ಲಿನ ಮೇಲೆಯೇ ನಡೆಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಸುಲಭವಾಗಿ ದಕ್ಕುವ ಗ್ಲುಕೋಸ್ ಇದ್ದರೆ ಶಿಲೀಂಧ್ರವು ಕಷ್ಟಪಟ್ಟು ಸೆಲ್ಯುಲೇಸ್ ತಯಾರಿಸುವುದಿಲ್ಲ. ಸೆಲ್ಯುಲೋಸಿನಿಂದ ಬಿಡುಗಡೆಯಾಗುವ ಚಿಕ್ಕಪುಟ್ಟ ಸಕ್ಕರೆಯ ತುಣುಕುಗಳು ತಾಕಿದಾಗಲೇ ಅದರ ವಂಶವಾಹಿಗಳು ಎಚ್ಚೆತ್ತು ಕಿಣ್ವಗಳನ್ನು ಹೇರಳವಾಗಿ ಹೊರಡಿಸುತ್ತವೆ. ಹಾಗಾಗಿ ಹುಲ್ಲು, ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಿಂಡುಗಳು ಶಿಲೀಂಧ್ರಕ್ಕೆ ಅಗ್ಗದ ಆಹಾರವಾಗುವುದರ ಜೊತೆಗೆ ಕಿಣ್ವೋತ್ಪಾದನೆಗೆ ಪ್ರಚೋದನೆಯನ್ನೂ ಕೊಡುತ್ತವೆ. ಶುದ್ಧ ಸಕ್ಕರೆಯನ್ನು ಧಾರಾಳವಾಗಿ ಸುರಿದರೆ ಈ ಲಾಭ ಕೈತಪ್ಪುತ್ತದೆ.

ಘನಸ್ಥಿತಿಯ ಹುದುಗುವಿಕೆ ಎಂದರೆ ದ್ರವದಲ್ಲಲ್ಲದೆ ತೇವವುಳ್ಳ ಘನ ಕಸದ ಮೇಲೆಯೇ ಶಿಲೀಂಧ್ರವನ್ನು ಬೆಳೆಸುವ ವಿಧಾನ. ಅದರಲ್ಲಿ ಕತ್ತರಿಸಿದ ಕಸವನ್ನು ನೀರು ಹನಿಯದಷ್ಟು ಮಾತ್ರ ತೇವಗೊಳಿಸಿ, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ, ತಣ್ಣಗಾಗಿಸಿ, ಶಿಲೀಂಧ್ರವು ಹರಡಲು ಬಿಡುವ ಸೂಕ್ಷ್ಮ ಕಣಗಳಾದ ಬೀಜಕಗಳನ್ನು ಬೆರೆಸಿ, ಸುಮಾರು 30 ಡಿಗ್ರಿಯಲ್ಲಿ ಕೆಲವು ದಿನ ಬಿಡುತ್ತಾರೆ. ತೊಡಕು ಬರುವುದು ಶಾಖದಿಂದ. ಬೆಳೆಯುವ ಶಿಲೀಂಧ್ರವು ಬಿಸಿಯನ್ನು ಹೊರಸೂಸುತ್ತದೆ. ಒಣಹುಲ್ಲಿನ ಪದರದಲ್ಲಿ ಆ ಬಿಸಿ ಬೇಗ ಹರಿದುಹೋಗದೆ ನಡುವೆ ಸಿಕ್ಕಿಬಿದ್ದು ಶಿಲೀಂಧ್ರವನ್ನೇ ಕೊಲ್ಲಬಹುದು. ಪದರವನ್ನು ತೆಳುವಾಗಿ ಹರಡಿ ತೇವವುಳ್ಳ ಗಾಳಿಯನ್ನು ಆಡಿಸುವುದು ಅದಕ್ಕಾಗಿಯೇ.

ಕಂಡ ಬೂಷ್ಟನ್ನೆಲ್ಲ ಬೆಳೆಸಲು ಹೊರಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಆಸ್ಪರ್ಜಿಲಸ್ ಫ್ಲೇವಸ್‌ನಂಥವು ಯಕೃತ್ತಿಗೆ ಮಾರಕವಾದ ಅಫ್ಲಟಾಕ್ಸಿನ್ ವಿಷವನ್ನು ಉಂಟುಮಾಡುತ್ತವೆ, ಬೀಜಕಗಳ ಧೂಳು ಉಸಿರಾಟಕ್ಕೂ ಕೇಡು. ಜಾತಿಯನ್ನು ಗುರುತಿಸಿ, ವಿಷದ ಪರೀಕ್ಷೆ ಮುಗಿದ ಮೇಲೆಯೇ ಮುಂದಿನ ಹೆಜ್ಜೆ.

ಹೀಗೆ ಪಡೆದ ಕಿಣ್ವಗಳಲ್ಲಿ ಪೆಕ್ಟಿನೇಸ್ ಎಂಬುದು ಹಣ್ಣಿನ ರಸವನ್ನು ತಿಳಿಗೊಳಿಸುತ್ತದೆ. ಜೈಲನೇಸ್ ಎಂಬುದು ಕಾಗದದ ತಿರುಳನ್ನು ಬಿಳುಪಾಗಿಸಲು ಬೇಕಾಗುವ ಕ್ಲೋರಿನ್ನಿನ ಪ್ರಮಾಣವನ್ನು ತಗ್ಗಿಸುತ್ತದೆ. ಇಂಥ ಕೆಲವು ಕೆಲಸಗಳಿಗೆ ಕಿಣ್ವವನ್ನು ಪೂರ್ತಿ ಶುದ್ಧೀಕರಿಸುವ ಅಗತ್ಯವಿಲ್ಲ, ಸೋಸಿದ ದ್ರವವೇ ಸಾಕು. ಕಿಣ್ವ ತೆಗೆದ ಮೇಲೆ ಉಳಿಯುವ ಮೆತ್ತಗಾದ ಚರಟವನ್ನು ಗೊಬ್ಬರದ ಗುಂಡಿಗೆ ಸೇರಿಸಿದರೆ, ಅದು ಹಾಗೆಯೇ ಹಾಕಿದ ಹುಲ್ಲಿಗಿಂತ ಬೇಗ ಕಳಿತು ಮತ್ತೆ ಹೊಲದ ಮಣ್ಣನ್ನು ಸೇರುತ್ತದೆ.